ಪೆನ್‌ಡ್ರೈವ್‌ಗೆ ಹಿಡಿಸದ ಮದುವೆ

ಮೊದಲೇ ಆಣೆ ಇಟ್ಟುಬಿಡುತ್ತೇನೆ. ಮುಂದೆ ಬರೆದಿರುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಮ್ಮ ಅಟ್ಟದ ಮೇಲಿರುವ ಕೊಬ್ಬರಿಯೆಲ್ಲ ಕೌಟಾಗಿ ಹೋಗಲಿ. ತಿಪಟೂರಿನವನು ಕೊಬ್ಬರಿ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಯಾರಾದರೂ ಹೇಳಿದ್ದರೆ ಅವನು ಅಡಿಕೆ ಬೆಳೆಯುವವನಿರಬೇಕು.

ನನ್ನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಕಾರಣ ಬೇರೇನೂ ಅಲ್ಲ, ನನಗಿರುವ ಜ್ಞಾನ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದೊಂದು ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಷನ್, ಜೊತೆಗೆ ಪೆನ್‌ಡ್ರೈವ್‌ಗೆ ಹಾಡು ತುಂಬುವ ಕೆಲಸ. ಬೀದಿಯಲ್ಲಿ ಮುಕ್ಕಾಲುಪಾಲು ಜನ ನನ್ನನ್ನು ಮಾವ ಅನ್ನುತ್ತಾರೆ. ನನಗಿಂತ ಹಿರಿಯರೂ ಹಾಗೇ ಅನ್ನುತ್ತಾರೆ, ಅದು ವಯಸ್ಸಿಗೆ ಕೊಡುವ ಮರ್ಯಾದೆ ಅಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಯಾರ ಪೆನ್‌ಡ್ರೈವ್ ಕೆಟ್ಟರೂ ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ನನ್ನ ಅಂಗಡಿಗೆ ಬರುತ್ತಾರೆ. ದೇವರ ಹತ್ತಿರ ಫಾರ್ಮ್ಯಾಟ್ ಮಾಡುವ ಸೌಕರ್ಯ ಇಲ್ಲ ನೋಡಿ.

ಈಗ ಹೇಳಹೊರಟಿರುವುದೆಲ್ಲ ಒಂದೇ ವಾರದಲ್ಲಿ ನಡೆದದ್ದು. ನನ್ನ ಅಕ್ಕನನ್ನು ತುರುವೇಕೆರೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಮಗಳನ್ನು ಕೆಲವು ತಿಂಗಳ ಹಿಂದೆ ಹುಳಿಯಾರಿನ ಕಡೆಗೆ ಕೊಟ್ಟೆವು. ಗಂಡಿನ ಅಜ್ಜಿ ಮದುವೆಗೆ ಬಂದಿರಲಿಲ್ಲ. ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಈಗ ಕಾಲು ಕೂಡಿತ್ತು, ಬೀಗರೆಲ್ಲ ಅಕ್ಕನ ಮನೆಗೆ ಔತಣಕ್ಕೆ ಬರುವವರಿದ್ದರು, ಅಜ್ಜಿಯೂ ಬರುವವರಿದ್ದರು. ಆದರೆ ಅವರದ್ದೊಂದು ಮಾತು ಮೊದಲೇ ಬಂದು ತಲುಪಿತ್ತು. ತಾಳಿ ಕಟ್ಟಿದ್ದನ್ನು ಕಣ್ಣಾರೆ ಕಾಣದೆ ಬೀಗರ ಮನೆಯಲ್ಲಿ ಒಂದು ತುತ್ತೂ ಎತ್ತುವುದಿಲ್ಲವಂತೆ. ಮೊಮ್ಮಗ ಫೋನಿನಲ್ಲಿ ತೋರಿಸಲು ಹೋಗಿದ್ದಕ್ಕೆ, ಇರುವೆಗಳ ಮದುವೆ ತೋರಿಸುತ್ತೀಯೇನೋ ಅಂತ ಬೈದಿದ್ದರಂತೆ.

ಅಕ್ಕ ನನಗೆ ಫೋನ್ ಮಾಡಿದಳು. "ಲೋ ತಮ್ಮ, ಅಜ್ಜಿ ಎಲೆ ಮುಂದೆ ಕೂರದೆ ಬೀಗರು ಯಾರೂ ಕೂರಲ್ಲ. ಅವ್ರು ಹಸ್ಕೊಂಡು ಎದ್ದು ಹೋದ್ರೆ ಈ ಊರಲ್ಲಿ ನಾನು ತಲೆ ಎತ್ತಂಗಿಲ್ಲ. ನಮ್ಮ ಟಿವೀಲಿ ಮದ್ವೆ ಬರಂಗೆ ಮಾಡ್ಕೊಡೋ."

ಅಷ್ಟೇ ತಾನೆ, ಅಂದೆ ನಾನು.

ಹಸಿ ಪೆನ್‌ಡ್ರೈವ್

ಮದುವೆಯ ವಿಡಿಯೋ ತೆಗೆದಿದ್ದ ಸ್ಟುಡಿಯೋದವನು ಅದನ್ನು ನನ್ನ ಅಂಗಡಿಗೇ ತಂದುಕೊಟ್ಟ. ಎಲ್ಲೂ ತುಂಡು ಮಾಡದೆ, ಗಂಡು ಬಂದಿಳಿದಲ್ಲಿಂದ ಹೆಣ್ಣೊಪ್ಪಿಸುವ ತನಕ ಒಂದೇ ಫೈಲು ಮಾಡಿದ್ದ. ಅದೇ ಅವನಿಗೊಂದು ಹೆಮ್ಮೆ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ತನ್ನ ಟ್ರಾಕ್ಟರಿನಲ್ಲಿ ಹಾಡು ಹಾಕುವ ಪೆನ್‌ಡ್ರೈವ್ ತಂದಿದ್ದರು. ದೊಡ್ಡದು, ನನ್ನ ಅಂಗಡಿಯಲ್ಲೇ ಕೊಂಡದ್ದು. ಹಾಡುಗಳು ಮೂಲೆಯಲ್ಲಿ ಒಂದಿಷ್ಟು ಬಿದ್ದಿದ್ದವು, ಮಿಕ್ಕದ್ದೆಲ್ಲ ಖಾಲಿ.

ಮದುವೆಯನ್ನು ಎಳೆದು ಅದರೊಳಗೆ ಬಿಟ್ಟೆ. ಫೈಲು ತೀರಾ ದೊಡ್ಡದು, ಹಿಡಿಸುವುದಿಲ್ಲ ಅಂತು ಕಂಪ್ಯೂಟರ್.

"ಅಷ್ಟೊಂದು ಖಾಲಿ ಐತೆ ಅಂತೀಯ, ಹಿಡಿಸಲ್ಲ ಅಂದ್ರೆ?" ಅಂದರು ಭಾವ. ನಾನು ಉತ್ತರ ಹುಡುಕುವಷ್ಟರಲ್ಲಿ ಪೆನ್‌ಡ್ರೈವ್ ಕಿತ್ತು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು.

ನಮ್ಮ ಕಡೆಯವರಲ್ಲದವರಿಗೆ ಇದೊಂದು ಹೇಳಬೇಕು. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲ. ಕಿವಿ ಹತ್ತಿರ ಅಲ್ಲಾಡಿಸಬೇಕು. ಒಳಗೆ ಗೊಳಗೊಳ ಆಡಿದರೆ ಆಗಿದೆ, ಇಲ್ಲದಿದ್ದರೆ ಹಸಿ. ಈ ವಿದ್ಯೆಯಲ್ಲಿ ನಮ್ಮ ಭಾವನ ಕಿವಿಗೆ ಸಮ ಇಲ್ಲ. ಮಂಡಿಯವರೂ ಅವರನ್ನು ಕರೆದು ಕೇಳುವುದುಂಟು.

"ಆಡ್ತಿಲ್ಲ ಕಣ್ಲಾ," ಅಂದರು ಭಾವ. "ಇನ್ನೂ ಹಸಿ. ನಾಲ್ಕು ದಿನ ಅಟ್ಟದ ಮೇಲಿಡು, ತಾನೇ ಜಾಗ ಬುಡ್ತೈತೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ಟುಡಿಯೋದವನು ನಗಲಿಲ್ಲ. ಅವನು ಕೊಬ್ಬರಿ ಮನೆತನದಲ್ಲೇ ಹುಟ್ಟಿದವನು. ಮೆಲ್ಲಗೆ ತನ್ನ ಜೇಬಿನ ಪೆನ್‌ಡ್ರೈವ್ ತೆಗೆದು, ಯಜಮಾನರೇ ಇದನ್ನೂ ಒಂಚೂರು ನೋಡಿ ಅಂತ ಕೊಟ್ಟ. ಭಾವ ಅದನ್ನೂ ಅಲ್ಲಾಡಿಸಿದರು, ಕಣ್ಣು ಮುಚ್ಚಿ ಕೇಳಿದರು.

"ಇದು ಆಗೈತೆ. ಆದ್ರೆ ಒಳಗೆ ಹುಳ ಬಿದ್ದೈತೆ."

ಹುಡುಗಾಟಕ್ಕೆ ಅಂತ ಅದನ್ನು ಕಂಪ್ಯೂಟರಿಗೆ ಚುಚ್ಚಿದೆ. ಪರದೆ ಪೂರ್ತಿ ಕೆಂಪಾಯಿತು. ವೈರಸ್ಸು ಮಿಜಿಮಿಜಿ ಅನ್ನುತ್ತಿತ್ತು. ಅವತ್ತಿನಿಂದ ಸ್ಟುಡಿಯೋದವನು ಪೆನ್‌ಡ್ರೈವ್ ತಂದರೆ ನನ್ನ ಕೈಗೆ ಕೊಡುವುದಿಲ್ಲ, ನಿಮ್ಮ ಭಾವ ಯಾವಾಗ ಬರುತ್ತಾರೆ ಅಂತ ಕೇಳುತ್ತಾನೆ.

ಮೂಕ ಟ್ರಾಕ್ಟರ್

ಭಾವನಿಗೆ ನಾನು ವಿಷಯ ಬಿಡಿಸಿ ಹೇಳಿದೆ. ಪೆನ್‌ಡ್ರೈವ್ ಒಳಗೂ ಸಾಮಾನು ಜೋಡಿಸುವುದಕ್ಕೆ ಒಂದೊಂದು ಪದ್ಧತಿ ಇದೆ. ನಿಮ್ಮದರಲ್ಲಿರುವುದು ಫ್ಯಾಟ್ ಥರ್ಟಿಟೂ, ಹಳೇ ಪದ್ಧತಿ. ಸಣ್ಣ ಸಾಮಾನು ಎಷ್ಟಾದರೂ ತುಂಬಿ, ಬೇಡ ಅನ್ನುವುದಿಲ್ಲ. ಆದರೆ ಒಂದೊಂದು ಸಾಮಾನೂ ನಾಲ್ಕು ಜಿಬಿ ಒಳಗೇ ಇರಬೇಕು. ಅಟ್ಟ ಎಷ್ಟೇ ಖಾಲಿ ಇದ್ದರೂ ಅಟ್ಟದ ಬಾಯಿ ಚಿಕ್ಕದಾದರೆ ಗುಡಾಣ ಹೋಗುತ್ತದೆಯೇ?

"ಹಂಗಾದ್ರೆ ಬಾಯಿ ಅಗಲ ಮಾಡು," ಅಂದರು ಭಾವ.

ಬಾಯಿ ಅಗಲ ಇರುವ ಪದ್ಧತಿಗೆ ಎನ್‌ಟಿಎಫ್‌ಎಸ್ ಅಂತ ಹೆಸರು. ಅದಕ್ಕೆ ಬದಲಾಯಿಸಲು ಹೊರಟೆ. ಕಂಪ್ಯೂಟರ್ ಏನೋ ಒಂದು ಕೇಳಿತು. ಕಂಪ್ಯೂಟರ್ ಇಂಥ ಪ್ರಶ್ನೆ ಕೇಳುವುದು ತಿಳಿಯದವರಿಗಾಗಿ ಅನ್ನುವುದು ನನ್ನ ಸಿದ್ಧಾಂತ. ಓದದೆ ಸರಿ ಅಂತ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಬಾಯಿ ಅಗಲವಾಯಿತು. ಮದುವೆ ಇಡಿಯಾಗಿ ಒಳಗೆ ಹೋಯಿತು. ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಪರವಾಗಿಲ್ಲವೇ ಅಂತ ಅದು ಕೇಳಿತ್ತು ಅನ್ನುವುದು ನನಗೆ ಗೊತ್ತಾದದ್ದು ಮಾರನೇ ದಿನ, ಭಾವನ ಫೋನ್ ಬಂದಾಗ.

ಟ್ರಾಕ್ಟರ್ ಹಾಡುತ್ತಿಲ್ಲ ಅಂದರು. ಹಾಡಿಲ್ಲದಿದ್ದರೆ ಅದು ಎಡಕ್ಕೆ ಎಳೆಯುತ್ತದಂತೆ, ತೆಂಗಿನ ಸಾಲು ತಪ್ಪಿ ಬುಡಕ್ಕೇ ಹೋಗುತ್ತದಂತೆ. ನಾನು ಬಸ್ ಹತ್ತಿ ಹೋದೆ. ನನ್ನ ಹತ್ತಿರ ಇದ್ದ ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಒಯ್ದು, ಅಲ್ಲೇ ಪೆನ್‌ಡ್ರೈವಿಗೆ ಮದುವೆಯ ಪಕ್ಕಕ್ಕೆ ತುಂಬಿದೆ. ಟ್ರಾಕ್ಟರಿಗೆ ಚುಚ್ಚಿದರೆ ಕೆಂಪು ದೀಪ ಪಿಳಿಪಿಳಿ ಅಂತು, ಹಾಡು ಬರಲಿಲ್ಲ. ಅಕ್ಕನ ಟಿವಿಗೆ ಚುಚ್ಚಿದರೆ ಅದು ಯಾರು ನೀನು ಅನ್ನುವ ಹಾಗೆ ಕಪ್ಪಗೆ ನೋಡಿತು. ಆ ಟಿವಿಗೂ ಟ್ರಾಕ್ಟರಿಗೂ ಗೊತ್ತಿದ್ದದ್ದು ಹಳೇ ಪದ್ಧತಿ ಒಂದೇ. ಬಾಯಿ ಅಗಲ ಮಾಡಿದ್ದೆನಲ್ಲ, ಅದನ್ನು ಓದುವ ವಿದ್ಯೆ ಅವಕ್ಕೆ ಇರಲಿಲ್ಲ.

ಔತಣ ಹತ್ತಿರ ಬರುತ್ತಿತ್ತು. ಅಕ್ಕ ಸಿಟ್ಟು ಮಾಡಿಕೊಂಡು ಒಳಗೆ ಹೋದವಳು ಮಾತೇ ಆಡಲಿಲ್ಲ. ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಹೊರಟೆ, ಭಾವ ನನ್ನನ್ನು ಬಸ್ಸಿಗೆ ಬಿಡಲು ಬಂದರು. ದಾರಿಯಲ್ಲಿ ಸುತ್ತಮುತ್ತ ನೋಡಿ ಮೆತ್ತಗೆ ಹೇಳಿದರು. "ನೋಡ್ಲಾ, ಟ್ರಾಕ್ಟರ್ ಮಾತಾಡ್ತಿಲ್ಲ, ಟಿವಿ ಮಾತಾಡ್ತಿಲ್ಲ, ನಿಮ್ಮಕ್ಕನೂ ಮಾತಾಡ್ತಿಲ್ಲ. ಟ್ರಾಕ್ಟರೊಂದು ಬೇಗ ಸರಿ ಮಾಡು. ಮಿಕ್ಕಿದ್ದಕ್ಕೆ ಅವಸರ ಇಲ್ಲ."

ಸಾಬರ ಮನೆಯಲ್ಲಿ ಮದುವೆ

ಎನ್‌ಟಿಎಫ್‌ಎಸ್ ಅಲ್ಲದೆ ಇನ್ನೊಂದಿದೆ, ಎಕ್ಸ್‌ಫ್ಯಾಟ್ ಅಂತ. ಅದರ ಬಾಯಿಯೂ ಅಗಲ, ಹೊಸ ಟಿವಿಗಳು ಅದನ್ನು ಓದುತ್ತವೆ ಅಂತ ಕೇಳಿದ್ದೆ. ಈ ಸಲ ಕಂಪ್ಯೂಟರ್ ಕೇಳಿದ್ದನ್ನೆಲ್ಲ ಓದಿದೆ, ಓದಿ ಸರಿ ಅಂತ ಒತ್ತಿದೆ, ಮದುವೆಯನ್ನು ಮತ್ತೆ ತುಂಬಿದೆ. ಪರೀಕ್ಷೆ ಮಾಡುವುದಕ್ಕೆ ಪಕ್ಕದ ಅಂಗಡಿಯ ಟೈಲರ್ ಸಾಬರ ಮನೆಗೆ ಹೋದೆ. ಅವರು ಹೊಸದಾಗಿ ಗೋಡೆಯಗಲದ ಟಿವಿ ತಂದಿದ್ದರು.

ಚುಚ್ಚಿದ ಕೂಡಲೇ ಮದುವೆ ಬಂತು. ಸಾಬರು, ಅವರ ಮನೆಯವರು, ನಾನು, ಎಲ್ಲ ಸಾಲಾಗಿ ಕೂತೆವು. ಮುಹೂರ್ತ ಹತ್ತಿರ ಬಂತು. ಗಂಡು ತಾಳಿ ಕೈಗೆತ್ತಿಕೊಂಡ. ಗಟ್ಟಿಮೇಳ ಶುರುವಾಯಿತು.

"ನಿಲ್ಸಿ ಅಣ್ಣ, ನಿಲ್ಸಿ," ಅಂದರು ಸಾಬರು.

ನಿಲ್ಲಿಸಿದೆ. ಸಾಬರು ಕೊರಳಲ್ಲಿದ್ದ ಟೇಪು ತೆಗೆದುಕೊಂಡು ಟಿವಿ ಹತ್ತಿರ ಹೋದರು. ಹೆಣ್ಣಿನ ಕಡೆಯವರ ಬ್ಲೌಸುಗಳನ್ನೆಲ್ಲ ಹೊಲಿದದ್ದು ಅವರೇ. ಅವರ ಕಣ್ಣಿಗೆ ಗಂಡೂ ಬಿದ್ದಿರಲಿಲ್ಲ, ತಾಳಿಯೂ ಬಿದ್ದಿರಲಿಲ್ಲ. ಹೆಣ್ಣಿನ ಹಿಂದೆ ನಿಂತು ಅಕ್ಷತೆ ಹಾಕಲು ಕೈ ಎತ್ತಿದ್ದವಳ ಕಂಕುಳ ಹತ್ತಿರ ಟೇಪು ಹಿಡಿದು, ಲೊಚ್ ಲೊಚ್ ಅಂದರು. ಹೊಲಿಗೆ ಬಿಡುವುದಕ್ಕೆ ಬಂದಿದೆ, ಈ ಅಮ್ಮ ಅಷ್ಟು ಎತ್ತರಕ್ಕೆ ಕೈ ಎತ್ತಬಾರದಿತ್ತು ಅಂತ ನೊಂದುಕೊಂಡರು. ಆಮೇಲೆ ಮುಖ ನೋಡಿದರು. ಆ ಅಮ್ಮ ನನ್ನ ಹೆಂಡತಿ.

"ಅತ್ತಿಗೆಗೆ ಹೇಳಿ ಅಣ್ಣ, ಒಳಗೆ ಬಟ್ಟೆ ಬಿಟ್ಟಿದೀನಿ. ಬಿಚ್ಚಿ ಅಗಲ ಮಾಡ್ಕೊಡ್ತೀನಿ."

ಮನೆಗೆ ಬಂದು ಒಳ್ಳೆಯ ಮನಸ್ಸಿನಿಂದ ಹೇಳಿದೆ. ನಮ್ಮಾಕೆ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ನನ್ನ ಬ್ಲೌಸು ಸರಿಯಾಗೇ ಇದೆ. ನೀವು ಅದೇನೋ ಬಾಯಿ ಅಗಲ ಮಾಡಿದ್ರಲ್ಲ, ಅದಕ್ಕೇ ನಾನೂ ಅಗಲ ಕಂಡಿದೀನಿ. ಮೊದಲಿನದಕ್ಕೇ ಹಾಕಿ."

ಫೈಲಿನ ಪದ್ಧತಿ ಬದಲಾದರೆ ಚಿತ್ರದಲ್ಲಿರುವವರು ಅಗಲವಾಗುವುದಿಲ್ಲ ಅಂತ ಮೂರು ತಾಲ್ಲೂಕಿನಲ್ಲಿ ಗೊತ್ತಿರುವವನು ನಾನೊಬ್ಬನೇ. ಸೌಟು ನೋಡಿದೆ. ಹೌದು ಕಣೇ, ಹಾಗಾಗುವುದುಂಟು ಅಂದೆ.

ಗಟ್ಟಿಮೇಳ

ಅಕ್ಕನ ಟಿವಿ ಎಕ್ಸ್‌ಫ್ಯಾಟನ್ನೂ ಓದಲಿಲ್ಲ. ಅಷ್ಟರಲ್ಲಿ ಬೀಗರು ಬರುವ ಹಿಂದಿನ ದಿನ ಬಂದೇಬಿಟ್ಟಿತು. ಪೆನ್‌ಡ್ರೈವನ್ನು ಟಿವಿಗೆ ತಕ್ಕ ಹಾಗೆ ಹಳೇ ಪದ್ಧತಿಗೇ ತಿರುಗಿಸುವುದು, ಮದುವೆಯನ್ನು ಬಾಯಿಗೆ ತಕ್ಕ ಹಾಗೆ ತುಂಡು ಮಾಡುವುದು, ಉಳಿದಿದ್ದ ದಾರಿ ಅದೊಂದೇ. ಸ್ಟುಡಿಯೋದವನು ಕರುಳು ಕತ್ತರಿಸಿಕೊಂಡವನ ಹಾಗೆ ಮುಖ ಮಾಡಿಕೊಂಡು ಮೂರು ತುಂಡು ಮಾಡಿಕೊಟ್ಟ. ಮೊದಲನೆಯದು, ಗಂಡು ಬಂದಿಳಿಯುವುದು, ಎದುರುಗೊಳ್ಳುವುದು. ಎರಡನೆಯದು, ಧಾರೆ, ತಾಳಿ. ಮೂರನೆಯದು, ಊಟ, ಹೆಣ್ಣೊಪ್ಪಿಸುವುದು.

ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಮೊದಲನೇ ತುಂಡು ಹಾಕಲು ಕೈ ಇಟ್ಟೆ. ಹಿಂದೆ ನಿಂತಿದ್ದ ಭಾವ ತಡೆದರು. ಅವರು ಹುಟ್ಟಿದಾಗಿನಿಂದ ಲಾರಿಗೆ ಕೊಬ್ಬರಿ ಮೂಟೆ ಹೇರಿಸಿದವರು. ಮೊದಲು ಇಳಿಸಬೇಕಾದ ಮೂಟೆಯನ್ನು ಕೊನೆಗೆ ಹೇರಬೇಕು, ಬಾಗಿಲ ಹತ್ತಿರ ಇರಬೇಕು. ಇದು ಅವರ ಲೆಕ್ಕ.

"ಇದಕ್ಕಿರೋದು ಒಂದೇ ಬಾಯಿ," ಅಂದರು ಪೆನ್‌ಡ್ರೈವ್ ತೋರಿಸಿ. "ಮೊದಲನೇದು ಒಳಕ್ಕೆ ತಳ್ಳಿ, ಅದರ ಮುಂದೆ ಮಿಕ್ಕಿದ್ದು ಹೇರಿದ್ರೆ, ಅದು ಹೊರಗೆ ಬರೋದು ಹೆಂಗ್ಲಾ? ಹೆಣ್ಣೊಪ್ಪಿಸೋದು ಮೊದ್ಲು ಹಾಕು."

ಪೆನ್‌ಡ್ರೈವ್ ಲಾರಿ ಅಲ್ಲ ಅಂತ ಹೇಳಬಹುದಿತ್ತು. ಆದರೆ ಭಾವ ಹಿರಿಯರು, ಅದೂ ಅಲ್ಲದೆ ಹುಳ ಬಿದ್ದದ್ದನ್ನು ಕಿವಿಯಿಂದಲೇ ಹಿಡಿದವರು. ಹೇಗೆ ಹಾಕಿದರೇನು ಅಂತ, ಮೂರನೆಯದನ್ನು ಮೊದಲು, ಎರಡನೆಯದನ್ನು ಆಮೇಲೆ, ಮೊದಲನೆಯದನ್ನು ಕೊನೆಗೆ ಹಾಕಿದೆ. ಟ್ರಾಕ್ಟರಿನ ಹಾಡುಗಳನ್ನೂ ತುಂಬಿದೆ. ಅವರು ಅಷ್ಟು ದಿನ ಮೂಕ ಟ್ರಾಕ್ಟರ್ ಓಡಿಸಿದ್ದಕ್ಕೆ ಪರಿಹಾರವಾಗಿ, ಮದುವೆಯ ಓಲಗವನ್ನೂ ಬೇರೆಯಾಗಿ ಹಾಡಿನಂತೆ ಮಾಡಿ ಸೇರಿಸಿದೆ.

ಊರಿಗೆ ಹೋಗಿ ಚುಚ್ಚಿದ ಕೂಡಲೇ ಟ್ರಾಕ್ಟರ್ ಹಾಡಿತು. ಭಾವ ಅದೇ ಖುಷಿಯಲ್ಲಿ ಸಂಜೆ ತೋಟಕ್ಕೆ ಇಳಿದರು. ಬದುವಿನಲ್ಲಿ ಹೆಂಗಸರು ಕಳೆ ಕೀಳುತ್ತಿದ್ದರು. ಟ್ರಾಕ್ಟರ್ ಅವರ ಮುಂದೆ ಬರುವುದಕ್ಕೂ ಗಟ್ಟಿಮೇಳ ಮೊಳಗುವುದಕ್ಕೂ ಸರಿಹೋಯಿತು. ಗಟ್ಟಿಮೇಳ ಕಿವಿಗೆ ಬಿದ್ದರೆ ನಮ್ಮ ಜನರ ಕೈ ತಾನೇ ಏಳುತ್ತದೆ. ಕೈಯಲ್ಲಿದ್ದದ್ದು ಅಕ್ಷತೆಯೋ ಗರಿಕೆಯೋ ಅಂತ ನೋಡುವ ಹೊತ್ತೆಲ್ಲಿ? ಬೇರುಮಣ್ಣು ಸಮೇತ ಭಾವನ ತಲೆ ಮೇಲೆ ಬಿತ್ತು.

ಮನೆ ಬಾಗಿಲಿಗೆ ಬಂದವರನ್ನು ಅಕ್ಕ ಮೇಲಿಂದ ಕೆಳಗೆ ನೋಡಿ, ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದಳಂತೆ. "ಒಬ್ರೇ ಬಂದ್ರಾ? ಹೆಣ್ಣೆಲ್ಲಿ?"

ಕೋಟಿನ ಹುಡುಗ

ಬೀಗರು ಬಂದರು. ಅಜ್ಜಿ ಕೋಲೂರಿಕೊಂಡು ಬಂದು, ಕೊಟ್ಟ ನೀರನ್ನೂ ಪಕ್ಕಕ್ಕಿಟ್ಟು, ಟಿವಿ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಅವರ ಹಿಂದೆ ಬೀಗರು, ಅವರ ಹಿಂದೆ ನಾವು. ಅಡುಗೆಮನೆಯಿಂದ ಬೇಳೆ ಹೋಳಿಗೆಯ ಘಮ, ಕಾಯಿಹಾಲಿನ ಏಲಕ್ಕಿ ವಾಸನೆ ಬಂದು ಎಲ್ಲರ ಮೂಗು ಮುಟ್ಟಿ ವಾಪಸ್ ಹೋಗುತ್ತಿತ್ತು. ಔತಣದ ದಿನ ಅಂತ ಬೀಗರು ಬೆಳಿಗ್ಗೆ ತಿಂಡಿಯನ್ನೂ ತಿಂದಿರಲಿಲ್ಲ.

ಪೆನ್‌ಡ್ರೈವ್ ಚುಚ್ಚಿದೆ. ಟಿವಿ ಒಪ್ಪಿಕೊಂಡಿತು, ಚಿತ್ರ ಬಂತು. ಬೋರನಕಣಿವೆ ಜಲಾಶಯದ ನೀರನ್ನು ನಾನೇ ತುರುವೇಕೆರೆಗೆ ತಂದವನ ಹಾಗೆ ಎದೆ ಎತ್ತಿ ಎಲ್ಲರನ್ನೂ ನೋಡಿದೆ. ಆಮೇಲೆ ಟಿವಿ ನೋಡಿದೆ. ಟಿವಿಯಲ್ಲಿ ಊಟ ನಡೆಯುತ್ತಿತ್ತು. ನಾವು ಯಾವುದನ್ನು ಮೊದಲು ಹಾಕಿದ್ದೆವೋ ಆ ಟಿವಿ ಅದನ್ನೇ ಮೊದಲು ತೋರಿಸುವ ಜಾತಿಯದು.

"ಬಂದ ತಕ್ಷಣ ಎಲೆ ಹಾಕವ್ರೆ," ಅಂದರು ಅಜ್ಜಿ. "ಒಳ್ಳೆ ಮನೆತನ."

ಅಲ್ಲಿ ಬೀಗರು ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡು ಸಾಕು ಸಾಕು ಅನ್ನುತ್ತಿದ್ದರು. ಇಲ್ಲಿ ಅದೇ ಬೀಗರು ಅದನ್ನು ನೋಡುತ್ತ ಉಗುಳು ನುಂಗುತ್ತಿದ್ದರು. ನಾನು ರಿಮೋಟಿಗೆ ಕೈ ಹಾಕಿದೆ. ಅಜ್ಜಿ ಕೋಲಿನಿಂದ ನನ್ನ ಕೈಗೆ ಮೆಲ್ಲಗೆ ಒಂದು ಕೊಟ್ಟರು. ಮುಟ್ಟಬ್ಯಾಡ, ಅಳೋದು ಬಂತು ಅಂದರು. ನಿಜಕ್ಕೂ ಹೆಣ್ಣೊಪ್ಪಿಸುವುದು ಬಂದಿತ್ತು. ಅಕ್ಕ ಅಳುತ್ತಿದ್ದಳು, ಮಗಳು ಅಳುತ್ತಿದ್ದಳು, ಸೋದರಮಾವನಾದ ನಾನು ಇಬ್ಬರಿಗಿಂತ ಚೆನ್ನಾಗಿ ಅಳುತ್ತಿದ್ದೆ. ಕಾರು ಹೊರಟು ಹೋಯಿತು.

ಅಜ್ಜಿ ನಿಧಾನಕ್ಕೆ ತಿರುಗಿದರು. "ಹೆಣ್ಣು ಹೋಯ್ತಲ್ಲಪ್ಪ. ತಾಳಿ ಎಲ್ಲಿ? ತಾಳಿ ಕಟ್ಟದೇ ಕಳಿಸವ್ರಾ?"

ಅಡುಗೆಮನೆ ಬಾಗಿಲಲ್ಲಿ ಅಕ್ಕ ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದನ್ನು ಕಂಡಿದ್ದರೆ ಕಂಪ್ಯೂಟರೂ ಕೇಳದೆ ಫಾರ್ಮ್ಯಾಟ್ ಆಗುತ್ತಿತ್ತು. ನನ್ನ ಬುದ್ಧಿ ಇಂಥ ಹೊತ್ತಿನಲ್ಲೇ ಓಡುವುದು.

"ಈಗ ಹಂಗೇ ಅಜ್ಜಿ," ಅಂದೆ. "ಅಳೋದನ್ನ ಮೊದ್ಲೇ ಮುಗಿಸ್ಕೋತಾರೆ. ತಾಳಿ ಕಟ್ಟೋವಾಗ ಎಲ್ಲಾ ನಗ್ತಾ ಇರ್ಬೇಕು ಅಂತ."

ಅಜ್ಜಿ ತಲೆದೂಗಿ, ಇದೇನೋ ಬುದ್ಧಿವಂತಿಕೆ ಕಣಪ್ಪ, ನಮ್ಮ ಕಾಲದಲ್ಲಿ ಇರಲಿಲ್ಲ ಅಂದರು. ಅಷ್ಟರಲ್ಲಿ ಎರಡನೇ ತುಂಡು ಶುರುವಾಯಿತು. ಧಾರೆ ಬಂತು, ಗಟ್ಟಿಮೇಳ ಬಂತು, ಬಿಳಿ ಪಂಚೆ, ಪೇಟ, ಹಣೆ ಮುಚ್ಚುವ ಬಾಸಿಂಗದಲ್ಲಿ ಮೊಮ್ಮಗ ತಾಳಿ ಕಟ್ಟಿದ. ಅಜ್ಜಿ ಕೈ ಎತ್ತಿ ಹರಸಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಲೆ ಹಾಕಲಾ ಅಂತ ಅಕ್ಕ ಕೇಳಿದಳು. ಬೀಗರು ಅರ್ಧ ಎದ್ದೂ ಆಯಿತು.

"ಇರ್ರಿ, ಇನ್ನೂ ಐತೆ," ಅಂದರು ಅಜ್ಜಿ.

ಬ್ಯಾಂಡ್‌ಸೆಟ್ಟಿನ ಸದ್ದಿನೊಂದಿಗೆ ಒಂದು ಕಾರು ಬಂದು ನಿಂತಿತು. ಅದರಿಂದ ಕೋಟು, ಕಪ್ಪು ಕನ್ನಡಕ, ನೆಟ್ಟಗೆ ನಿಲ್ಲಿಸಿದ ಕೂದಲಿನ ಹುಡುಗನೊಬ್ಬ ಇಳಿದ. ನಮ್ಮ ಭಾವ ಓಡಿ ಹೋಗಿ ಅವನಿಗೆ ಹಾರ ಹಾಕಿದರು. ಹೆಂಗಸರು ಆರತಿ ಎತ್ತಿದರು.

ಅಜ್ಜಿಯ ಕೋಲು ನೆಲಕ್ಕೆ ಟಪ್ ಅಂತು. "ಇವನ್ಯಾರು?"

ಮೊಮ್ಮಗ ಬಗ್ಗಿ, ಅಜ್ಜಿ ಅದು ನಾನೇ ಅಂದ.

"ಸುಮ್ಕಿರ್ಲಾ. ನೀನು ಆಗ್ಲೇ ತಾಳಿ ಕಟ್ಟಿ ಆಯ್ತು. ಇವನು ಈಗ ಬತ್ತಾವ್ನೆ."

ಎಲ್ಲರೂ ಒಟ್ಟಿಗೇ ಬಿಡಿಸಿ ಹೇಳಲು ಶುರು ಮಾಡಿದರು. ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ. ಅವರು ಹುಳಿಯಾರಿನಿಂದ ಬಂದಿದ್ದೇ ಬೇರೆಯವರ ಮಾತು ಬಿಟ್ಟು ತಮ್ಮ ಕಣ್ಣನ್ನು ನಂಬುವುದಕ್ಕೆ. ಕೊನೆಗೆ ನಾನು, ಅಜ್ಜಿ ಇದು ಹಿಂದುಮುಂದಾಗಿದೆ, ಗಂಡು ಬರುವುದೇ ಮೊದಲು ಅಂತ ನಿಜ ಹೇಳಿದೆ. ಆಗಲೇ ಈಗ ಹಂಗೇ ಅಂದೆಯಲ್ಲಪ್ಪ ಅಂತ ಕೇಳಿದರು. ನಾನು ರಿಮೋಟಿನ ಧೂಳು ಒರೆಸಿದೆ.

ಟಿವಿಯಲ್ಲಿ ಕೋಟಿನ ಹುಡುಗ ಹಾರ ಹಾಕಿಕೊಂಡು ಕುರ್ಚಿಯ ಮೇಲೆ ಒಬ್ಬನೇ ಕೂತ. ಮದುವೆ ಅಲ್ಲಿಗೆ ಮುಗಿದು ಪರದೆ ಕಪ್ಪಾಯಿತು. ಬೀಗರು ಚಪ್ಪಲಿ ಕಡೆ ನೋಡುತ್ತಿದ್ದರು. ಅಕ್ಕನ ಮುಖ ಬೆಳ್ಳಗಾಗಿತ್ತು.

"ಎಲೆ ಹಾಕಿ," ಅಂದರು ಅಜ್ಜಿ.

ಅಕ್ಕ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

"ಆ ಕೋಟಿನ ಹುಡುಗಂಗೂ ಒಂದೆಲೆ ಹಾಕಿ. ಪಾಪ, ಆಸೆ ಇಟ್ಕಂಡು ಸಿಂಗಾರ ಮಾಡ್ಕಂಡು ಬಂದವ್ನೆ. ಹೆಣ್ಣಂತೂ ಸಿಗ್ಲಿಲ್ಲ, ಊಟನಾದ್ರೂ ಸಿಗ್ಲಿ. ಅವನು ಕೂರೋಗಂಟ ನಾನೂ ಕೂರಕಿಲ್ಲ."

ಅಕ್ಕ ನನ್ನ ಅಂಗಿ ಹಿಡಿದು ಒಳಗೆ ಎಳೆದುಕೊಂಡು ಹೋದಳು. "ಅವನನ್ನ ಎಲ್ಲಿಂದ ತರ್ತೀಯೋ, ತಂದು ಕೂರ್ಸು."

ಅಳಿಯನನ್ನು, ಅಂದರೆ ಅಜ್ಜಿಯ ಮೊಮ್ಮಗನನ್ನು, ಒಳಕೋಣೆಗೆ ಕರೆದು ವಿಷಯ ಹೇಳಿದೆ. ಒಳ್ಳೆಯ ಹುಡುಗ, ಅದಕ್ಕಿಂತ ಹೆಚ್ಚಾಗಿ ಹಸಿದ ಹುಡುಗ. ಭಾವನ ಬೀರುವಿನಲ್ಲಿದ್ದ ಹಳೇ ಕೋಟು ತೊಡಿಸಿದೆ, ನನ್ನ ಕಪ್ಪು ಕನ್ನಡಕ ಹಾಕಿದೆ, ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೆಟ್ಟಗೆ ನಿಲ್ಲಿಸಿದೆ. ಹೊರಗೆ ಬಂದು ಅಜ್ಜಿಯ ಪಕ್ಕದ ಎಲೆಗೆ ಕೂತ. ಅಜ್ಜಿ ತಾವೇ ಕೂಗಿ ಅವನಿಗೆ ಹೋಳಿಗೆ ಹಾಕಿಸಿದರು, ಕಾಯಿಹಾಲು ಬಿಡಿಸಿದರು, ಬೆನ್ನು ಸವರಿದರು. ಬಡಿಸುತ್ತಿದ್ದವಳು ಅವನ ಹೆಂಡತಿಯೇ.

"ಬೇಜಾರು ಮಾಡ್ಕಬ್ಯಾಡ ಮಗ," ಅಂದರು ಅವಳನ್ನು ತೋರಿಸಿ. "ಇವಳು ಹೋದ್ರೆ ಹೋಯ್ತು. ಇವಳಿಗಿಂತ ಲಕ್ಷಣವಾಗಿರೋಳ್ನ ನಾನು ಹುಡುಕ್ತೀನಿ."

ಅಕ್ಕನ ಮಗಳು ಎಲೆಯ ಮೇಲಿನ ಹೋಳಿಗೆಯ ಮೇಲೇ ಉಪ್ಪಿನಕಾಯಿ ಬಡಿಸಿದಳು.

ಕೋಟಿನ ಹುಡುಗ ಹೊಟ್ಟೆ ಬಿರಿಯೆ ಉಂಡು, ಅಜ್ಜಿಗೆ ನಮಸ್ಕಾರ ಮಾಡಿ ಎದ್ದ. ಅಜ್ಜಿ ಸುತ್ತ ನೋಡಿ, ನನ್ನ ಮೊಮ್ಮಗ ಎಲ್ಲಿ, ಅವನಿನ್ನೂ ಉಂಡಿಲ್ಲವಲ್ಲ ಅಂದರು. ಅಳಿಯ ಒಳಗೆ ಓಡಿದ, ಕೋಟು ಕಳಚಿದ, ಪಂಚೆ ಉಟ್ಟ, ಬಂದು ಇನ್ನೊಂದು ಎಲೆಗೆ ಕೂತ. ಕೋಸಂಬರಿಯಿಂದ ಮತ್ತೆ ಶುರು. ಹೋಳಿಗೆ ಬರುವ ಹೊತ್ತಿಗೆ ಅವನ ಕಣ್ಣಲ್ಲಿ ನೀರಿತ್ತು. ಒಂದು ಮುರಿದು, ಬಾಯಿಗಿಟ್ಟು, ಹಾಗೇ ಕೂತ.

ಅಜ್ಜಿ ಅವನ ಎಲೆ ನೋಡಿದರು, ಬಾಗಿಲ ಕಡೆ ನೋಡಿದರು, ನಿಟ್ಟುಸಿರು ಬಿಟ್ಟು ಅಕ್ಕನಿಗೆ ಮೆತ್ತಗೆ ಹೇಳಿದರು.

"ಇವನು ಆಗ್ಲೇ ತಾಳಿ ಕಟ್ಬುಟ್ಟವ್ನೆ, ಏನು ಮಾಡಕಾಯ್ತದೆ. ಉಣ್ಣೋದ್ರಲ್ಲಿ ಆ ಹುಡುಗನೇ ವಾಸಿ ಕಣೇ ತಾಯಿ."

ಇಷ್ಟೂ ನಡೆದದ್ದು ನಡೆದ ಹಾಗೆ. ಬೇಕಿದ್ದರೆ ಬೀಗರನ್ನೇ ಕೇಳಿ. ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿದ್ದು. ಅವತ್ತು ಅಕ್ಕ ಮಾಡಿದ್ದು ಕಾಯಿ ಹೋಳಿಗೆ. ಬರೆಯುವಾಗ ನನಗೆ ಬೇಳೆ ಹೋಳಿಗೆ ತಿನ್ನಬೇಕು ಅನ್ನಿಸಿತು, ಎಲ್ಲರ ಎಲೆಗೂ ಅದನ್ನೇ ಬಡಿಸಿಬಿಟ್ಟೆ.